ಮೂರು ಗಂಟೆಯ ಕರೆಂಟು ಮತ್ತು ಲಾಲಸಾಬನ ಏರು

ಈಗ ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಊರಿಗೆ ಹೋದರೂ, ಒಂದು ಕೋಣೆಯ ಗೋಡೆಗೆ ಮೊಟ್ಟೆ ಇಡುವ ಟ್ರೇ ಬಡಿದು, ಲ್ಯಾಪ್‌ಟಾಪ್ ಇಟ್ಟು, ಬಾಗಿಲ ಮೇಲೆ ಸ್ಟುಡಿಯೋ ಎಂದು ಬರೆದುಕೊಂಡ ತರುಣ ತರುಣಿಯರು ಸಿಗುತ್ತಾರೆ. ಅವರಲ್ಲಿ ಕೆಲವರು ನನ್ನನ್ನು ಹುಡುಕಿಕೊಂಡು ಬಂದು, "ಶಾಂತಕ್ಕ, ಟೇಪಿನ ಕಾಲದಾಗ ನೀವು ಹೆಂಗ ಮಾಡ್ತಿದ್ರಿ, ಸ್ವಲ್ಪ ಹೇಳ್ರಿ" ಎನ್ನುತ್ತಾರೆ. ಹೇಳಲು ಶುರು ಮಾಡಿದ ಐದು ನಿಮಿಷಕ್ಕೆ ಫೋನ್ ನೋಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬರೆದರೆ ನೀವು ಆಕಳಿಸಿದ್ದು ನನಗೆ ಕಾಣುವುದಿಲ್ಲ.

ನಾನು ಬಸವನ ಬಾಗೇವಾಡಿಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಧ್ವನಿಮುದ್ರಣದ ಕೆಲಸಕ್ಕೆ ಸೇರಿ, ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಕಿವಿಗೆ ಹೆಡ್‌ಫೋನ್ ಹಾಕಿ ಕೂತರೆ, ಹಾಡುವವರು ಮೊದಲು ನನ್ನ ಕಡೆಗೇ ತಿರುಗಿ ನೀರು ಕೇಳುತ್ತಿದ್ದರು. ನೀರು ಕೊಟ್ಟು, ಆಮೇಲೆ "ಈಗ ಹಾಡ್ರಿ, ಯಂತ್ರ ಚಾಲೂ ಐತಿ" ಎಂದಾಗ ಅವರ ಮುಖ ನೋಡಬೇಕಿತ್ತು. ಆ ಒಂದು ಸುಖಕ್ಕಾಗಿಯೇ ನಾನು ಎಷ್ಟೋ ಸಲ ಬೇಕೆಂದೇ ನೀರಿನ ತಂಬಿಗೆ ಹಿಡಿದುಕೊಂಡು ಕೂತದ್ದುಂಟು.

ಮಾಲೀಕರು ಗುರುಪಾದಪ್ಪ ಮಾಸ್ತರರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿ ಅಂಗಡಿ ತೆರೆದವರು. ಸಂಗೀತದ ಗಂಧಗಾಳಿ ಇರಲಿಲ್ಲ. ಆದರೆ ಯಂತ್ರದಲ್ಲಿ ದನಿಯ ಜೋರು ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದರೆ, ಹೊರಗೆ ಕಟ್ಟೆಯ ಮೇಲೆ ಕೂತಿದ್ದರೂ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಯಂತ್ರದ ಮುಂದೆ ಒಂದು ಕಬ್ಬಿಣದ ಸ್ಟೂಲು. ನನ್ನ ಹುದ್ದೆ, ಕಚೇರಿ ಎಲ್ಲಾ ಅದೇ. ಅವರು ಹಾಕಿದ ಕಾನೂನು ಒಂದೇ ಒಂದು: "ಯಂತ್ರ ತಿರಗೂತನಕ ಸ್ಟೂಲ್ ಬಿಡಬ್ಯಾಡ. ಅಂಗಡಿಗೆ ಬೆಂಕಿ ಹತ್ತಿದ್ರೂ ಮೊದಲು ಯಂತ್ರ ನಿಲ್ಲಿಸು, ಆಮ್ಯಾಲೆ ಓಡು."

ಈ ಕಾನೂನನ್ನು ನಾನು ಒಮ್ಮೆ ಮುರಿದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ಸಣ್ಣಪುಟ್ಟ ತಪ್ಪುಗಳನ್ನು ಹೇಳಿಬಿಟ್ಟರೆ ದೊಡ್ಡದು ಅಷ್ಟು ದೊಡ್ಡದಾಗಿ ಕಾಣಲಿಕ್ಕಿಲ್ಲ ಎಂದು ನನ್ನ ಲೆಕ್ಕಾಚಾರ.

ಸಿಂದಗಿಯ ಒಂದು ಮನೆಯಲ್ಲಿ ಮದುವೆಗೆ ಮುಂಚೆ ಹಿರಿಯ ಹೆಣ್ಣುಮಕ್ಕಳ ಸೋಬಾನೆ ಪದ ಹಿಡಿದಿಡಬೇಕೆಂದು ಕರೆಸಿದ್ದರು. ಪಡಸಾಲೆಯ ನಡುವೆ ಮೈಕು ಕಟ್ಟಿದೆ. ಎಲ್ಲಾ ಮುಗಿದು ಅಂಗಡಿಗೆ ಬಂದು ಕೇಳಿದರೆ, ಹಾಡಿನ ಹಿಂದೆ ಮೊದಲಿನಿಂದ ಕೊನೆಯವರೆಗೆ ಒಂದು ಗೊರಕೆ. ಮೂಲೆಯಲ್ಲಿ ಕೌದಿ ಹೊದ್ದು ಮಲಗಿದ್ದ ಆ ಮನೆಯ ಅಜ್ಜನನ್ನು ನಾನು ಹಾಸಿಗೆ ಸುರುಳಿ ಎಂದುಕೊಂಡಿದ್ದೆ. ಕ್ಷಮೆ ಕೇಳಿ ಟೇಪು ಕೊಟ್ಟೆ. ಎರಡು ವರ್ಷದ ಮೇಲೆ ಆ ಮನೆಯ ಸೊಸೆ ಬಂದಳು. ಅಜ್ಜ ತೀರಿಕೊಂಡಿದ್ದ. "ಅಕ್ಕಾರ, ಪದ ಇರಲಿ. ಗೊರಕಿ ಜೋರ್ ಇರೂ ಕಡೆ ಇನ್ನೊಂದು ಕ್ಯಾಸೆಟ್ ಮಾಡಿ ಕೊಡ್ರಿ. ನಮ್ಮ ಅತ್ತಿಯವರಿಗೆ ಅದನ್ನ ಕೇಳದ ನಿದ್ದಿ ಬರವಲ್ದು" ಎಂದಳು. ಸ್ಟೂಲಿನ ಮೇಲೆ ಕೂತು ಗೊರಕೆಯನ್ನಷ್ಟೇ ಆರಿಸಿ ಮಾಡಿಕೊಟ್ಟೆ. ನನಗೆ ಅಳು ಬಂದಿತ್ತು, ನಗುವೂ ಬಂದಿತ್ತು.

ಇನ್ನೊಂದು ಇಂಡಿಯಲ್ಲಿ. ಅಲ್ಲಿ ಒಳ್ಳೆಯ ಜಾಗ ಹುಡುಕುತ್ತಿದ್ದೆ. ಚೀಲಗಳ ಒಟ್ಟಿಲಿದ್ದ ಗೋದಾಮಿನಲ್ಲಿ ದನಿ ಮರುಮೊಳಗುವುದಿಲ್ಲ ಎಂಬುದು ನಾನೇ ಕಂಡುಕೊಂಡ ವಿದ್ಯೆ. ದೇವರ ಹಿಪ್ಪರಗಿಯ ತೊಗರಿ ಗೋದಾಮಿನಲ್ಲಿ ಎಷ್ಟೋ ಒಳ್ಳೆಯ ಮುದ್ರಣ ಮಾಡಿದ್ದೆ. ಇಂಡಿಯಲ್ಲಿ ಚೀಲಗಳು ಸಿಕ್ಕವು, ತಣ್ಣನೆಯ ಜಾಗವೂ ಸಿಕ್ಕಿತು. ಸನಾದಿ ಊದುವ ಇಬ್ಬರನ್ನು ನಡುವೆ ಕೂರಿಸಿದೆ. ಒಬ್ಬರು ಊದಲು ಶುರು ಮಾಡಿ ನಿಲ್ಲಿಸಿದರು. ಇನ್ನೊಬ್ಬರು ಬಾಯಿ ಒರೆಸಿಕೊಂಡರು. ಮತ್ತೆ ಶುರು, ಮತ್ತೆ ನಿಲುಗಡೆ. ಕೊನೆಗೆ ಹಿರಿಯರು ಕೈಮುಗಿದು, "ತಂಗಿ, ನಾವೇನ್ ತಪ್ಪು ಮಾಡೀವಿ?" ಎಂದರು. ಚೀಲದ ತುಂಬ ನಿಂಬೆಹಣ್ಣು. ಊದುವವರ ಬಾಯಲ್ಲಿ ನೀರೂರಿ ವಾದ್ಯ ಒಡೆದ ಕೊಳವೆಯಂತೆ ಸೋರುತ್ತಿತ್ತು. ಸನಾದಿಯವರನ್ನು ನಿಂಬೆ ಗೋದಾಮಿನಲ್ಲಿ ಕೂರಿಸಿದ ಜಾಣೆ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಈಗ ಲಾಲಸಾಬ.

ಮುದ್ದೇಬಿಹಾಳದ ಲಾಲಸಾಬ ಆಲಮಟ್ಟಿ ಯೋಜನೆಯಲ್ಲಿ ಕಾಲುವೆಯ ಗೇಟು ಎತ್ತುವ, ಇಳಿಸುವ ಕೆಲಸದವನು. ನನಗಿಂತ ನಾಲ್ಕಾರು ವರ್ಷ ದೊಡ್ಡವನಾದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಎಲ್ಲಿಂದಲೋ ಒಂದು ಹಳೆಯ ಗಿಟಾರ್ ತಂದಿದ್ದ. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಸೈಕಲ್ ಹ್ಯಾಂಡಲಿನ ಒಂದು ತುಂಡು ಹಿಡಿದು ತಂತಿಗಳ ಮೇಲೆ ಜಾರಿಸಿ ಬಾರಿಸುತ್ತಿದ್ದ. ಮೊಹರಂ ಪದಗಳು, ತತ್ವಪದಗಳು, ಲಗ್ನದ ಹಾಡುಗಳು, ಎಲ್ಲವೂ ಅದರ ಮೇಲೆಯೇ. ಆಗ ಸುಮಾರಾಗಿ ಬಾರಿಸುತ್ತಿದ್ದ. ಇದನ್ನು ಅವನ ಮುಂದೆಯೂ ಹೇಳುತ್ತೇನೆ.

ಒಂದು ದಿನ ಅವನು ಕಂಕುಳಲ್ಲಿ ಒಂದು ಗ್ರಾಮಫೋನ್ ರೆಕಾರ್ಡ್ ಹಿಡಿದುಕೊಂಡು ಅಂಗಡಿಗೆ ಬಂದ. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಹೊರಗಿನ ಎಂಜಿನಿಯರೊಬ್ಬರದು. ಅವರಿಗೆ ವರ್ಗವಾಗಿತ್ತು, ಸಂಜೆಯ ಬಸ್ಸಿಗೆ ಹೊರಡುವವರಿದ್ದರು. ರೆಕಾರ್ಡಿನ ಮೇಲೆ ಬರೆದದ್ದು ಅಳಿಸಿಹೋಗಿತ್ತು. ಅದರ ರಟ್ಟಿನ ಹೊದಿಕೆಯ ಮೇಲೆ ಕುರ್ಚಿಯಲ್ಲಿ ಕೂತ ಒಬ್ಬ ಕಪ್ಪು ಮುದುಕನ ಚಿತ್ರ, ಕೈಯಲ್ಲಿ ಗಿಟಾರ್. ಅಮೆರಿಕದ ಕಪ್ಪು ಜನ ತಮ್ಮ ದುಃಖ ಹೇಳಿಕೊಳ್ಳುವ ಸಂಗೀತ, ಬ್ಲೂಸ್ ಅಂತ ಕರೆಯುತ್ತಾರೆ ಎಂದು ಎಂಜಿನಿಯರ್ ಹೇಳಿದ್ದರಂತೆ.

"ಶಾಂತಕ್ಕ, ಇವನೂ ನನ್ನಂಗ ಜಾರಿಸಿ ಬಾರಸ್ತಾನ. ಒಮ್ಮೆ ಕೇಳೀನಿ, ಎದಿಯಾಗ ಏನೋ ಆತು. ಒಂದ್ ಕ್ಯಾಸೆಟ್ ಮಾಡಿ ಕೊಡ್ರಿ. ಸಂಜಿಗೆ ತಿರುಗಿ ಒಯ್ದು ಕೊಡಬೇಕು," ಎಂದು ರೆಕಾರ್ಡ್ ಇಟ್ಟು ಕಚೇರಿಯ ಕೆಲಸಕ್ಕೆ ಹೋದ.

ಇಲ್ಲಿ ಯಂತ್ರದ ಮಾತು ಎರಡು ಸಾಲು ಹೇಳಬೇಕು. ನಮ್ಮಲ್ಲಿ ರೆಕಾರ್ಡ್ ತಿರುಗಿಸುವ ಯಂತ್ರ ಗೋಡೆಯ ಕರೆಂಟಿನ ಮೇಲೆ ಓಡುತ್ತಿತ್ತು. ಕ್ಯಾಸೆಟ್ಟಿಗೆ ತುಂಬುವ ಯಂತ್ರ ಬ್ಯಾಟರಿಯ ಮೇಲೆ. ಮಧ್ಯಾಹ್ನ ಹೊಲಗಳಿಗೆ ತ್ರೀ ಫೇಸ್ ಕರೆಂಟು ಬಿಡುತ್ತಿದ್ದರು. ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಶುರುವಾಗಿ ನಮ್ಮ ಅಂಗಡಿಯ ಬಲ್ಬು ಕುಂಬಳ ಹೂವಿನ ಬಣ್ಣಕ್ಕೆ ತಿರುಗುತ್ತಿತ್ತು. ಆಗ ರೆಕಾರ್ಡೂ ಸೋತು ನಿಧಾನ ತಿರುಗುತ್ತಿತ್ತು, ದನಿ ದಪ್ಪಗಾಗುತ್ತಿತ್ತು. ಮೂರು ಗಂಟೆಗೆ ಹೊಲದ ಕರೆಂಟು ತೆಗೆದರೆ ಬಲ್ಬು ಝಗ್ಗನೆ ಬೆಳಗಿ, ರೆಕಾರ್ಡ್ ತನ್ನ ಓಟಕ್ಕೆ ಬರುತ್ತಿತ್ತು. ಅದಕ್ಕೇ ಮೂರು ದಾಟುವವರೆಗೆ ರೆಕಾರ್ಡ್ ಹಚ್ಚಬಾರದೆಂಬುದು ಅಂಗಡಿಯ ಪದ್ಧತಿ.

ಅವತ್ತು ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಪಕ್ಕದ ಹೊಲಿಗೆ ಅಂಗಡಿಯ ಕಸ್ತೂರಿ ಬಾಗಿಲಲ್ಲಿ ತಲೆ ಹಾಕಿ, "ಶಾಂತಾ, ಚಾ ಆಗೇತಿ. ಆ ನಿಶ್ಚಯ ಮುರದ ಬಿತ್ತಂತ, ಗೊತ್ತೈತಿಲ್ಲೋ?" ಎಂದಳು. ಚಹಾ ಒಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಶ್ಚಿತಾರ್ಥ ಮುರಿದ ಸುದ್ದಿ ಬಿಟ್ಟಿರಲು ನಾನೇನು ಸನ್ಯಾಸಿಯೇ? ಮಾಸ್ತರರು ಊಟಕ್ಕೆ ಹೋಗಿದ್ದರು. ರೆಕಾರ್ಡಿನ ಒಂದು ಬದಿಯ ತುಂಬ ಒಂದೇ ಉದ್ದನೆಯ ವಾದನ. ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದೆ, ಟೇಪಿನ ಗುಂಡಿ ಒತ್ತಿದೆ, ಸ್ಟೂಲು ಬಿಟ್ಟೆ.

ಬಂದಾಗ ಮುಗಿಯುವುದರಲ್ಲಿತ್ತು. ಕೊನೆಯ ತುಣುಕು ಕೇಳಿದೆ, ಚೆನ್ನಾಗಿಯೇ ಇತ್ತು. ಲಾಲಸಾಬ ಬಂದು ಕ್ಯಾಸೆಟ್ ಒಯ್ದ. ರೆಕಾರ್ಡ್ ಎಂಜಿನಿಯರರ ಜೊತೆಗೆ ಬಸ್ ಹತ್ತಿ ಹೋಯಿತು.

ಎಂಟು ತಿಂಗಳ ಮೇಲೆ ಲಾಲಸಾಬ ಗಿಟಾರ್ ಹೊತ್ತು ಬಂದ. ಮಾಸ್ತರರೂ ಇದ್ದರು. ಬಾಗಿಲ ಬಳಿ ಚಾಪೆ ಹಾಸಿ ಕೂತು ಶುರು ಮಾಡಿದ. ಮೊದಲರ್ಧ ನಿಧಾನ, ಭಾರ. ಒಂದೊಂದು ಸ್ವರವೂ ಎಳೆದು ಎಳೆದು ನೆಲಕ್ಕೆ ಕೂರುತ್ತಿತ್ತು. ನಡುವಿಗೆ ಬಂದಾಗ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಇಡೀ ವಾದನ ಕೆಳಗಿನಿಂದ ಮೇಲಕ್ಕೆ ಎದ್ದು ಓಡತೊಡಗಿತು. ಹ್ಯಾಂಡಲಿನ ತುಂಡು ಎರಡು ಬೆರಳು ಮೇಲೆ ಜಾರಿತು. ಅದೇ ಕ್ಷಣಕ್ಕೆ ಬಲಗೈ ಎಡಗಡೆಗೆ ಹಾರಿ, ಕಬ್ಬಿಣ ತಾಗದೆ ಬರಿದಾಗಿ ಮೊಳಗುತ್ತಿದ್ದ ದಪ್ಪ ತಂತಿಯನ್ನು ಬಿಗಿಯುವ ಬಿರಡೆಯನ್ನು ಅರ್ಧ ಸುತ್ತು ತಿರುವಿ, ತಾಳ ತಪ್ಪದೆ ತಿರುಗಿ ಬಂತು. ಮೀನು ಹಿಡಿಯುವ ಹಕ್ಕಿ ಹಾಗೆ ಹೋಗಿ ಬರುವುದನ್ನು ಆಲಮಟ್ಟಿಯ ನೀರಿನ ಮೇಲೆ ಕಂಡಿದ್ದೆ. ಮನುಷ್ಯನ ಕೈಯನ್ನು ಕಂಡಿರಲಿಲ್ಲ.

"ಆ ಮುದುಕ ಮೊದಲು ತೆಗ್ಗಿನ್ಯಾಗ ಕುಂತು ಅಳ್ತಾನ್ರೀ ಶಾಂತಕ್ಕ. ಅಳ್ತಾ ಅಳ್ತಾ ಎದ್ದು ನಿಂತುಬಿಡ್ತಾನ. ಆ ಏಳೂದು ಕಲಿಯಾಕ ನನಗ ಎಂಟು ತಿಂಗಳು ಬೇಕಾತು," ಎಂದು ಬೆವರು ಒರೆಸಿಕೊಂಡ.

ಆ ಏಳುವುದು ಏನೆಂದು ನನಗೆ ಕೂಡಲೇ ಗೊತ್ತಾಯಿತು. ದಿನಾ ಮೂರು ಗಂಟೆಗೆ ನಮ್ಮ ಬಲ್ಬು ಹಾಗೆಯೇ ಏಳುತ್ತಿತ್ತು. ಮಾಸ್ತರರು ನನ್ನ ಮುಖ ನೋಡಿದರು, ಬಲ್ಬು ನೋಡಿದರು, ಸ್ಟೂಲು ನೋಡಿದರು. ಲಾಲಸಾಬ ಹೋದ ಮೇಲೆ ಕೇಳಿದರು: "ಹೇಳ್ತೀಯೇನು?"

"ಹೆಂಗ ಹೇಳ್ಲಿ ಸರ? ಎಂಟು ತಿಂಗಳು ದುಡದಾನ."

"ಹೇಳೂದಿದ್ರ ಇವತ್ತ ಹೇಳು. ಮುಂದ ಮುಂದ ವಜ್ಜ ಆಕ್ಕೋಂತ ಹೋಗ್ತೈತಿ, ಹೊರಾಕ ಆಗೂದಿಲ್ಲ." ಸ್ಟೂಲನ್ನು ಯಂತ್ರದ ಹತ್ತಿರಕ್ಕೆ ಎಳೆದು, "ನಾಳಿಂದ ನಿನ್ನ ಚಾ ಇಲ್ಲೇ, ಸ್ಟೂಲ್ ಮ್ಯಾಲೆ," ಎಂದರು. ಅವರು ಕೊಟ್ಟ ಶಿಕ್ಷೆ ಅಷ್ಟೇ.

ನಾನು ಹೇಳಲಿಲ್ಲ. ಹೇಳುವ ಮೊದಲೇ ಲಾಲಸಾಬನ ಮೊದಲ ಕ್ಯಾಸೆಟ್ ಬಂದುಬಿಟ್ಟಿತು, ದೇವರ ಹಿಪ್ಪರಗಿಯ ತೊಗರಿ ಚೀಲಗಳ ನಡುವೆ ನಾನೇ ಮಾಡಿದ್ದು. ಅದರಲ್ಲಿ ಮುದುಕನ ಆ ವಾದನ ಮೊದಲು. ಆಮೇಲೆ ತತ್ವಪದಕ್ಕೂ ಅದೇ ಏರು, ಮೊಹರಂ ಪದಕ್ಕೂ ಅದೇ ಏರು. ಜನ ಅದಕ್ಕೆ ಲಾಲಸಾಬನ ಏರು ಎಂದು ಹೆಸರಿಟ್ಟರು. ಸಂತೆಯಲ್ಲಿ ಅವನ ಕ್ಯಾಸೆಟ್ ಹಾಕಿದರೆ, ಏರು ಬರುವ ಜಾಗಕ್ಕೆ ಬದನೆಕಾಯಿ ತೂಗುವವರು ತಕ್ಕಡಿ ಎತ್ತಿ ಹಿಡಿದು ನಿಲ್ಲುತ್ತಿದ್ದರು. ಲಚ್ಯಾಣದ ಕಡೆಯ ಭಜನೆಯವರು ಹಾರ್ಮೋನಿಯಂನಲ್ಲಿ ಅದನ್ನು ಹಿಡಿಯಲು ಹೋಗಿ ಎರಡು ಪಟ್ಟಿ ಮುರಿದುಕೊಂಡರು. ನಾಲ್ಕು ತಾಲೂಕಿನ ಆರ್ಕೆಸ್ಟ್ರಾದವರು ಪಂಪ್‌ಸೆಟ್ಟಿನ ಕರೆಂಟನ್ನು ತಲೆದೂಗಿ ಕಲಿಯುತ್ತಿದ್ದರು. ನಾನೊಬ್ಬಳು ಮೂಲೆಯಲ್ಲಿ ಕೂತು ಉಗುರು ಕಚ್ಚುತ್ತಿದ್ದೆ.

ಹೀಗೆ ಹನ್ನೆರಡು ಟೇಪು ಮಾಡಿದೆವು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಉಗುರಿನಷ್ಟು ಮೆಮೊರಿ ಕಾರ್ಡ್ ಬಂತು, ಅದೂ ಹೋಯಿತು. ಪೆನ್ಸಿಲ್ ತೂರಿಸಿ ಟೇಪು ಸುತ್ತುತ್ತಿದ್ದ ನನ್ನ ಬೆರಳಿಗೆ ಮೌಸ್ ಹಿಡಿಸಿಕೊಟ್ಟರು. ಈಗ ತಪ್ಪಾದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗುತ್ತೀರಿ. ನಮಗೆ ಟೇಪು ಹಿಂದೆ ಸುತ್ತುವ ಗುಂಡಿ ಇತ್ತೇ ಹೊರತು ತಪ್ಪಿನಿಂದ ಹಿಂದಕ್ಕೆ ಹೋಗುವ ಗುಂಡಿ ಇರಲಿಲ್ಲ. ಇದ್ದಿದ್ದರೆ ನಾನು ನೇರ ಆ ಚಹಾದ ಹೊತ್ತಿಗೇ ಹೋಗುತ್ತಿದ್ದೆ. ಮಾಸ್ತರರು ತೀರಿಕೊಂಡರು. ಗುಟ್ಟು ತಿಳಿದವಳು ನಾನೊಬ್ಬಳೇ ಉಳಿದೆ. ಲಾಲಸಾಬ ಪ್ರತಿ ಹಬ್ಬಕ್ಕೆ ಸುರಕುಂಬಾ, ಶಾವಿಗೆ ಖರ್ಜೂರ ಹಾಕಿದ ಸಿಹಿ ಹಾಲು, ಕಳಿಸುತ್ತಿದ್ದ. ಅದನ್ನು ಕುಡಿದು, ಈ ಸಲ ಹೇಳಿಯೇಬಿಡಬೇಕು ಎಂದುಕೊಂಡು, ಪಾತ್ರೆ ತೊಳೆದು ತಿರುಗಿ ಕಳಿಸುತ್ತಿದ್ದೆ.

ಮೊನ್ನೆ ಮೊನ್ನೆ ಹಳೆಯ ಧ್ವನಿಮುದ್ರಣ ಕೂಡಿಡುವ ಒಂದು ಸಂಗ್ರಹಾಲಯದಿಂದ ಮೇಘನಾ ಎಂಬಾಕೆ ಬಂದಳು. ಮೈಸೂರು ಕಡೆಯವಳು, ಕೆಲಸದಲ್ಲಿ ಚುರುಕು. ಲಾಲಸಾಬನ ಹನ್ನೆರಡೂ ಮೂಲ ಟೇಪು ಮೊದಲೇ ನನ್ನಿಂದ ಒಯ್ದಿದ್ದಳು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಜಗತ್ತೆಲ್ಲ ಕೇಳುವ ಹಾಗೆ ಇಂಟರ್‌ನೆಟ್ಟಿನಲ್ಲಿ ಇಡುವ ಮೊದಲು ಅವನ ಒಪ್ಪಿಗೆ ಬೇಕೆಂದು ಬಂದಿದ್ದಳು. ಅವಳ ಕಾರಿನಲ್ಲಿ ಇಬ್ಬರೂ ಮುದ್ದೇಬಿಹಾಳಕ್ಕೆ ಹೊರಟೆವು.

ದಾರಿಯಲ್ಲಿ ಹೇಳಿದಳು: "ಮೇಡಂ, ಒಂದು ಫಾಲ್ಟ್ ಇತ್ತು. ಎಲ್ಲಾ ಹಾಡಿನ ಮಧ್ಯದಲ್ಲೂ ಸ್ಪೀಡ್ ಮೇಲೆ ಹೋಗುತ್ತೆ. ನಿಮ್ಮ ಟೇಪ್ ಯಂತ್ರದ ಮೋಟಾರ್ ಬಿಸಿಯಾಗಿ ಹಾಗಾಗಿರಬೇಕು. ಮೊದಲನೇ ಹಾಡಿನ ಒರಿಜಿನಲ್ ನನಗೆ ಗೊತ್ತು, ಅದರಲ್ಲಿ ಹೀಗಿಲ್ಲ. ಎಲ್ಲಾ ಹಾಡಿನಲ್ಲೂ ಸ್ಪೀಡ್ ಸಮ ಮಾಡಿ ಸರಿ ಮಾಡಿದೀನಿ."

"ಅಂವ ಹಂಗೇ ಬಾರಸ್ತಾನವ್ವ," ಎಂದೆ.

"ಕೈ ಮುಟ್ಟದ ದಪ್ಪ ತಂತಿ ಕೂಡ ಜೊತೆಗೇ ಏರುತ್ತೆ ಮೇಡಂ. ಕೈಯಲ್ಲಿ ಅದು ಸಾಧ್ಯ ಇಲ್ಲ," ಎಂದು ನಕ್ಕಳು.

ಮೊದಲು ಸಿಟ್ಟು ಬಂತು. ನನ್ನ ಟೇಪ್ ಯಂತ್ರ ಬ್ಯಾಟರಿಯ ಮೇಲೆ ಓಡುತ್ತಿದ್ದದ್ದು, ಒಂದು ದಿನವೂ ದಾರಿ ತಪ್ಪಿದ್ದಲ್ಲ. ಆಮೇಲೆ, ನಿಮ್ಮ ಮುಂದೆ ಮುಚ್ಚುಮರೆ ಏಕೆ, ಒಂದು ಕೆಟ್ಟ ಆಸೆ ಹುಟ್ಟಿತು. ಸುಮ್ಮನಿದ್ದರೆ ನನ್ನ ಚಹಾದ ತಪ್ಪು ಗುರುತಿಲ್ಲದೆ ತೊಳೆದುಹೋಗುತ್ತದೆ. ಅದರ ಜೊತೆಗೆ ಲಾಲಸಾಬನ ಇಡೀ ಬಾಳಿನ ವಾದನವೂ ತೊಳೆದುಹೋಗುತ್ತದೆ. ಕಾರು ಮುದ್ದೇಬಿಹಾಳ ಮುಟ್ಟುವವರೆಗೆ ನಾನು ಬಾಯಿ ಬಿಡಲಿಲ್ಲ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಲಾಲಸಾಬ ಈಗ ಎಪ್ಪತ್ತು ದಾಟಿದ್ದಾನೆ. ಗೇಟಿನ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದೆ. ಬಲ ಮಣಿಕಟ್ಟು ಬಿಗಿದುಕೊಂಡು ಐದು ವರ್ಷದಿಂದ ಏರು ಬಾರಿಸಿಲ್ಲ. ನಮಗಾಗಿ ಹೊಸ ಅಂಗಿ ತೊಟ್ಟು ಕಾದಿದ್ದ. ಅವನ ಹೆಂಡತಿ ಹುಸೇನಬಿ ಚಹಾ ತಂದಿಟ್ಟಳು. ನಾನು ನನ್ನ ಲೋಟವನ್ನು ಪಕ್ಕಕ್ಕೆ ಸರಿಸಿದೆ.

ಮೇಘನಾ ಮೊದಲ ಹಾಡು ಹಚ್ಚಿದಳು. ಲಾಲಸಾಬ ಕಣ್ಣು ಮುಚ್ಚಿ ಕೇಳುತ್ತ ಹೋದ. ನಡುವೆ ಆ ಜಾಗ ಬಂತು. ಅವನ ಬಲಗೈ ತಾನಾಗಿಯೇ ತೊಡೆಯಿಂದ ಎದ್ದು, ಬಿರಡೆ ತಿರುವಲು ಎಡಗಡೆಗೆ ಹೋಯಿತು. ಹಾಡು ಏಳಲಿಲ್ಲ. ನೆಲದ ಮೇಲೇ ತೆವಳುತ್ತ ಮುಂದೆ ಹೋಯಿತು. ಕೈ ಗಾಳಿಯಲ್ಲೇ ನಿಂತಿತು.

ಕಣ್ಣು ತೆರೆದು ಕೇಳಿದ: "ಇದ ಯಾರ ಬಾರಿಸ್ಯಾರ?"

ಆ ಕೈ ಹಾಗೆ ನಿಂತದ್ದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಎಲ್ಲಾ ಹೇಳಿಬಿಟ್ಟೆ. ಪಂಪ್‌ಸೆಟ್ಟು, ಮೂರು ಗಂಟೆ, ಕಸ್ತೂರಿ, ಮುರಿದ ನಿಶ್ಚಿತಾರ್ಥ, ಚಹಾ. "ಆ ಮುದುಕ ಏಳಲಿಲ್ಲ ಲಾಲಸಾಬ, ಎದ್ದದ್ದು ನಮ್ಮ ಅಂಗಡಿ ಕರೆಂಟ್. ತಪ್ಪಾತು. ಆವತ್ತೇ ಹೇಳಬೇಕಿತ್ತು," ಎಂದೆ. ಮೇಘನಾ ಹಾಡು ನಿಲ್ಲಿಸಿದಳು.

ಲಾಲಸಾಬ ಗಾಳಿಯಲ್ಲಿದ್ದ ಕೈಯನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಮೇಘನಾಳಿಗೆ, "ಮುದುಕನ ಖರೇ ಬಾಜನಿ ಐತೇನ್ರಿ ನಿಮ್ಮ ಫೋನಿನ್ಯಾಗ? ಪೂರಾ ಕೇಳಸ್ರಿ," ಎಂದ. ಅವಳು ಹಚ್ಚಿದಳು. ಕೊನೆಯ ಸ್ವರ ಆರುವವರೆಗೆ ಅಲುಗಾಡದೆ ಕೇಳಿದ.

"ಚೊಲೋ ಬಾರಸ್ತಾನ," ಎಂದ. "ನನಗಿಂತ ಬಾಳ ಚೊಲೋ ಬಾರಸ್ತಾನ. ಆದ್ರ ಕುಂತಾಂವ ಕುಂತೇ ಬಿಟ್ಟ. ಏಳಲೇ ಇಲ್ಲ." ತಲೆ ಅಲ್ಲಾಡಿಸಿದ. "ಪಾಪ, ಅವನ ಊರಾಗ ಪಂಪ್‌ಸೆಟ್ ಇರಲಿಲ್ಲ ಕಾಣ್ತೈತಿ."

ಹುಸೇನಬಿಗೆ ಗಿಟಾರ್ ತರಲು ಹೇಳಿದ. ತೊಡೆಯ ಮೇಲೆ ಮಲಗಿಸಿಕೊಂಡು ಮೇಘನಾಳ ಕಡೆ ತಿರುಗಿ, "ಕೈಯಾಗ ಆಗೂದಿಲ್ಲ ಅಂದ್ರಲ್ಲ, ನಿಮ್ಮ ಯಂತ್ರ ಹಚ್ರಿ," ಎಂದ. ಮೊದಲ ಸಲ ಕೈ ಹಾರಿ ಬಿರಡೆ ತಪ್ಪಿ ಮರಕ್ಕೆ ಬಡಿಯಿತು. ಹುಸೇನಬಿ, "ಸಾಕ್ ಬಿಡ್ರಿ, ಕೈ ನೋವ್ ಆಗ್ತೈತಿ," ಎಂದಳು. ಅವನು ಮೊದಲಿನಿಂದ ಶುರು ಮಾಡಿದ. ನಿಧಾನ, ಭಾರ, ತಗ್ಗಿನಲ್ಲಿ ಕೂತು ಅಳುವ ಮುದುಕ. ನಡುವೆ ಬಂದಾಗ ಬಿಗಿದ ಕೈ ಹಾರಿತು, ಬಿರಡೆ ಹಿಡಿಯಿತು, ತಿರುವಿತು, ಮರಳಿತು. ಏರು ಬಂತು. ಹಳೆಯ ಚುರುಕಿರಲಿಲ್ಲ, ನಡುವೆ ಒಂದು ಸಣ್ಣ ಕುಂಟು ಇತ್ತು. ನನಗೆ ಅಳು ಬಂತು. ಮೇಘನಾ ತನ್ನ ಪರದೆಯ ಮೇಲಿನ ಗೆರೆ ನೋಡುತ್ತ, ಮತ್ತೆ ಅವನ ಕೈ ನೋಡುತ್ತ, ಕೊನೆಗೆ "ಸಾರಿ ಸರ್, ಎಲ್ಲಾ ಮೊದಲಿನ ಹಾಗೇ ಇಡ್ತೀನಿ," ಎಂದಳು.

ಲಾಲಸಾಬ ಮಣಿಕಟ್ಟು ತಿಕ್ಕಿಕೊಳ್ಳುತ್ತ ನನ್ನ ಕಡೆ ತಿರುಗಿದ. "ಆವತ್ತ ಹೇಳಿದ್ರ ಏನಾಗ್ತಿತ್ತು ಗೊತ್ತೇನ್ರಿ ಶಾಂತಕ್ಕ? ತಪ್ಪ ತುಂಬಿದ ಕ್ಯಾಸೆಟ್ ಅಂತ ಅಲ್ಲೇ ಒಗದು ಬಿಡ್ತಿದ್ದೆ. ಇವತ್ತಿಗೂ ಬರೇ ಕಾಲುವಿ ಗೇಟ್ ತಿರುವಿದ ಲಾಲಸಾಬ ಆಗಿರ್ತಿದ್ದೆ."

ಹೊರಡುವ ಮೊದಲು ಮೇಘನಾ ಒಂದು ಫಾರ್ಮು ತೆಗೆದಳು. ವಾದಕರ ಹೆಸರು, ಮುದ್ರಿಸಿದವರ ಹೆಸರು, ಜಾಗ ಎಲ್ಲಾ ಬರೆದುಕೊಂಡಳು. ಕೊನೆಯ ಸಾಲಿನಲ್ಲಿ, ಮುದ್ರಣದಲ್ಲಿ ದೋಷಗಳಿದ್ದರೆ ತಿಳಿಸಿ, ಎಂದಿತ್ತು. ಅಲ್ಲಿ ತಾನೇ ಬರೆದಿದ್ದ ಮೋಟಾರಿನ ಮಾತು ಹೊಡೆದು ಹಾಕಿ, "ಇಲ್ಲೇನು ಬರೀಲಿ? ದೋಷ ಇಲ್ಲ ಅಂತ ಹಾಕ್ಲಾ?" ಎಂದು ನನ್ನನ್ನು ಕೇಳಿದಳು.

ಉತ್ತರ ಕೊಟ್ಟವನು ಲಾಲಸಾಬ. "ಹಂಗ್ಯಾಕ? ಖರೇನ ಬರೀರಿ. ಶಾಂತಕ್ಕ ಚಾ ಕುಡ್ಯಾಕ ಹೋಗಿದ್ರು ಅಂತ ಬರೀರಿ."

ಅವಳು ಹಾಗೆಯೇ ಬರೆದಳು. ಕೆಳಗೆ ನಾನು ಸಹಿ ಮಾಡಿದ್ದೇನೆ.